ಸೇತುವೆ ಸ್ಟೇಷನ್ನಿನಲ್ಲಿ ಏಳಬೇಕು

ಸೇತುವೆ ಸ್ಟೇಷನ್ನಿನಲ್ಲಿ ಕೂತವರು ಏಳಬೇಕು, ನಿಂತವರು ಕೂರಬೇಕು. ಏಳೂ ಹನ್ನೆರಡರ ಗಾಡಿಯ ನಿಯಮ ಇದು. ಎಲ್ಲೂ ಬರೆದಿಲ್ಲ. ಬರೆದಿದ್ದರೆ ಇಷ್ಟು ಕಟ್ಟುನಿಟ್ಟಾಗಿ ಯಾರೂ ಪಾಲಿಸುತ್ತಿರಲಿಲ್ಲ.

ನಮ್ಮ ಬಡಾವಣೆಯಿಂದ ನಗರಕ್ಕೆ ಒಂದೂವರೆ ಗಂಟೆ. ಗಾಡಿ ನಮ್ಮಲ್ಲಿಗೆ ಬರುವಾಗಲೇ ಮುಕ್ಕಾಲು ತುಂಬಿರುತ್ತದೆ. ಮೂರನೇ ಡಬ್ಬಿಯ ನಡುಬಾಗಿಲಿನ ಹತ್ತಿರ ಎಂಟು ಸೀಟು ಸಿಗುತ್ತವೆ. ನಮ್ಮ ಗುಂಪಿನಲ್ಲಿ ಹದಿನಾರು ಜನ. ಎಂಟು ಜನ ಸೇತುವೆಯವರೆಗೆ ಕೂರುತ್ತಾರೆ, ಉಳಿದ ಎಂಟು ಜನ ಸೇತುವೆಯಿಂದಾಚೆಗೆ. ಇವತ್ತು ಮೊದಲರ್ಧ ಕೂತವನು ನಾಳೆ ಎರಡನೆಯ ಅರ್ಧ. ಗುಂಪಿನಲ್ಲಿ ಇಲ್ಲದವರಿಗೆ ಸೀಟಿಲ್ಲ. ಮುದುಕರಾಗಿರಲಿ, ಬಸುರಿಯಾಗಿರಲಿ, ಕಾಲಿಗೆ ಪಟ್ಟಿ ಕಟ್ಟಿಕೊಂಡಿರಲಿ.

ನಿಯಮ ಇದ್ದಲ್ಲಿ ಕಳ್ಳತನವೂ ಇರುತ್ತದೆ. ಸೇತುವೆ ಹತ್ತಿರ ಬಂದ ಕೂಡಲೇ ಕೆಲವರಿಗೆ ಗಾಢ ನಿದ್ದೆ ಬರುತ್ತದೆ. ಕರೆದರೆ ಕೇಳುವುದಿಲ್ಲ. ಭುಜ ಅಲುಗಿಸಿದರೆ ತಲೆ ಇನ್ನೊಂದು ಕಡೆ ವಾಲುತ್ತದೆ. ಎರಡು ನಿಮಿಷ ಹೆಚ್ಚು ಕೂರಲು ಇಷ್ಟು ನಾಟಕ. ನನ್ನ ಗಂಡ ಇದರಲ್ಲಿ ಎತ್ತಿದ ಕೈ. ಮನೆಯಲ್ಲಿ ಮಾಡಿ ತೋರಿಸುತ್ತಿದ್ದ. ಬಾಯಿ ಅರ್ಧ ತೆರೆದು, ಜೊಲ್ಲು ಇಳಿಸಿ, ಕೈ ಜೋತುಬಿಟ್ಟು. ನಾನು ನಗುತ್ತಿದ್ದೆ. ಅತ್ತೆ ಕೂಡ ನಗುತ್ತಿದ್ದರು.

ಇಲ್ಲಿ ಎಲ್ಲವನ್ನೂ ಸ್ಟೇಷನ್ನಿನಿಂದ ಅಳೆಯುತ್ತಾರೆ. ನಿಮ್ಮ ಮನೆ ಎಷ್ಟು ದೊಡ್ಡದು ಎಂದು ಯಾರೂ ಕೇಳುವುದಿಲ್ಲ. ಎಷ್ಟು ನಿಮಿಷ ಎಂದು ಕೇಳುತ್ತಾರೆ. ನಮ್ಮದು ಹದಿನಾಲ್ಕು ನಿಮಿಷ, ಓಡಿದರೆ ಒಂಬತ್ತು. ಬೆಳಿಗ್ಗೆ ಏಳಕ್ಕೆ ಬೀದಿ ತುಂಬ ಒದ್ದೆ ತಲೆಗಳು ಒಂದೇ ದಿಕ್ಕಿಗೆ ಓಡುತ್ತವೆ. ಎಂಟಕ್ಕೆ ಸಾಲಾಗಿ ಬೀಗಗಳು. ನಡುವೆ ಎಲ್ಲೋ ಒಬ್ಬ ಮುದುಕಿ ಕಿಟಕಿಯಲ್ಲಿ. ಗಂಡಸರು ತಮ್ಮ ಮಕ್ಕಳನ್ನು ನೋಡುವುದು ಮಲಗಿದ್ದಾಗಲೇ. ಪಕ್ಕದ ಮನೆಯಲ್ಲಿ ಯಾರಿದ್ದಾರೆಂದು ನಮಗೆ ಗೊತ್ತಿಲ್ಲ. ಗಾಡಿಯಲ್ಲಿ ಎದೆಗೆ ಎದೆ ತಾಗಿಸಿ ನಿಲ್ಲುವವನ ತಲೆಯೆಣ್ಣೆ ಯಾವುದು, ಅವನು ಬೆಳಿಗ್ಗೆ ಏನು ತಿಂದ, ಯಾವ ಹಲ್ಲು ಹುಳುಕು ಎಂಬುದು ಗೊತ್ತು.

ನನ್ನ ಗಂಡ ಆರು ವರ್ಷ ಆ ಹದಿನಾರರಲ್ಲಿ ಒಬ್ಬನಾಗಿದ್ದ. ನಗರದಲ್ಲಿ ಕನ್ನಡಕದ ಲೆನ್ಸ್ ಉಜ್ಜುವ ವರ್ಕ್‌ಶಾಪಿನಲ್ಲಿ ಕೆಲಸ. ಗುಂಪಿನವರು ಅವನನ್ನು ಲೆನ್ಸ್ ಎಂದೇ ಕರೆಯುತ್ತಿದ್ದರು. ಮೂವತ್ನಾಲ್ಕು ವರ್ಷಕ್ಕೆ ಸತ್ತ. ಗಾಡಿಯಿಂದ ಇಳಿದು ನಡೆಯುವಾಗ ಕೊನೆಯ ಸ್ಟೇಷನ್ನಿನ ಪ್ಲಾಟ್‌ಫಾರಂ ಮೇಲೆ ಕುಸಿದು ಸತ್ತ ಎಂದು ಕಾಗದದಲ್ಲಿದೆ. ಗುಂಪಿನವರೂ ಬಂದು ಹಾಗೆಯೇ ಹೇಳಿದರು. ಆ ಬೆಳಿಗ್ಗೆ ಎದೆ ಉರಿ ಅಂದ. ಗ್ಯಾಸ್ ಇರಬೇಕು ಅಂದೆ. ಮಾತ್ರೆ ಕೊಟ್ಟೆ. ಅದನ್ನು ಅಗಿಯುತ್ತಲೇ ಓಡಿದ.

ನಾನು ಅಳಲಿಲ್ಲ. ಬರಲಿಲ್ಲ. ನೋಡಲು ಬಂದವರಿಗೆ ಅದು ಹಿಡಿಸಲಿಲ್ಲ. "ಎಂ.ಎ. ಮಾಡಿದವರಿಗೆ ಅಳು ಬರಲ್ಲ ಬಿಡಿ," ಎಂದು ಒಬ್ಬಾಕೆ ನನ್ನೆದುರೇ ಹೇಳಿ ಎದ್ದು ಹೋದಳು.

ಮೇಲಿನ ಮನೆಯಲ್ಲಿ ಪ್ರಯಾಣಿಕರ ಸಂಘದ ಕಾರ್ಯದರ್ಶಿ ಇದ್ದಾನೆ. ನಾವು ಇರುವ ಕೆಳಗಿನ ಮನೆಯೂ ಅವನದೇ. ಅವನೇ ವರ್ಕ್‌ಶಾಪಿಗೆ ಮಾತಾಡಿ ನನ್ನನ್ನು ಗಂಡನ ಕೆಲಸಕ್ಕೆ ಸೇರಿಸಿದ. ಗಂಡನ ಕೆಲಸ ಅಂದರೆ ಅದೇ ಅಲ್ಲ. ಉಜ್ಜುವುದು ಗಂಡಸರು. ನಾನು ಉಜ್ಜಿದ್ದನ್ನು ನೀರಲ್ಲಿ ತೊಳೆದು, ಒರೆಸಿ, ಬೆಳಕಿಗೆ ಹಿಡಿದು ಗೀರು ಹುಡುಕಬೇಕು. ಎಂಟು ಗಂಟೆ ನಿಂತು. ಉಜ್ಜಿದ ಗಾಜಿನ ಹಿಟ್ಟು ನೀರಲ್ಲಿ ಬಿಳಿ ಗಂಜಿಯ ಹಾಗೆ ಇರುತ್ತದೆ. ಬೆರಳ ತುದಿ ಸುಲಿಯುತ್ತದೆ. ಸುಲಿದ ಬೆರಳನ್ನು ಹಾಜರಿ ಮೆಷಿನ್ ಗುರುತಿಸುವುದಿಲ್ಲ. "ಮತ್ತೆ ಒತ್ತಿ" ಎನ್ನುತ್ತದೆ. ಹಿಂದಿನವರು ಬಯ್ಯುತ್ತಾರೆ. ಎಂಟೂ ಐವತ್ತು ದಾಟಿದರೆ ಅರ್ಧ ದಿನದ ಸಂಬಳ ಹೋಯಿತು.

"ಎಂ.ಎ. ಅಂತೆ," ಅಂದರು ಅತ್ತೆ ಮೊದಲ ದಿನ ನನ್ನ ಕೈ ನೋಡಿ. "ಗಾಜು ಒರೆಸೋಕೂ ಎಂ.ಎ. ಬೇಕಾಯ್ತಾ ಈಗ?"

"ಹೆಂಗಸರ ಡಬ್ಬಿ ಬೇಡ ಕಣಮ್ಮ," ಅಂದಿದ್ದ ಕಾರ್ಯದರ್ಶಿ. "ಅಲ್ಲಿ ಹೊಸಬರನ್ನ ಬಾಗಿಲಲ್ಲೇ ಕೊಲ್ತಾರೆ. ನಮ್ಮ ಜೊತೆ ಬಾ. ಅವನ ಜಾಗ ನಿಂದೇ."

ಹಾಗೆ ನಾನು ಹದಿನಾರನೆಯವಳಾದೆ. ಗುಂಪಿನಲ್ಲಿ ಇನ್ನೊಬ್ಬಳೇ ಹೆಂಗಸು, ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಎಲ್ಲರಿಗೂ ಬ್ಯಾಂಕಕ್ಕ. ಗಡಿಯಾರ ಎಂಬೊಬ್ಬನಿದ್ದಾನೆ. ಸೇತುವೆ ಬಂತೆಂದು ಕೂಗಿ ಸರದಿ ಬದಲಿಸುವುದು ಅವನ ಹಕ್ಕು. ಗಾಡಿ ನಿಲ್ಲುವ ಮೊದಲೇ ಗಡಿಯಾರ ಹಾರಿ ಬಾಗಿಲ ಕಂಬ ಹಿಡಿಯುತ್ತಾನೆ. ಅವನ ಕೈ ನನ್ನನ್ನು ಒಳಗೆ ಎಳೆಯುತ್ತದೆ. ಆ ಕೈ ಇಲ್ಲದೆ ಹತ್ತುವುದು ಯಾರಿಂದಲೂ ಆಗದು.

ಅವರು ನನಗೆ ಒಳ್ಳೆಯವರಾಗಿದ್ದರು. ಇದನ್ನು ಹೇಳಬೇಕು. ಜ್ವರ ಬಂದ ದಿನ ಎರಡೂ ಅರ್ಧ ನನ್ನನ್ನೇ ಕೂರಿಸಿದರು.

ಎರಡು ತಿಂಗಳ ಮೇಲೆ ಕಾರ್ಯದರ್ಶಿ ಒಂದು ಕಾಗದ ಹಿಡಿದು ಕೆಳಗಿಳಿದು ಬಂದ. ಸಂಘ ಬಹಳ ವರ್ಷಗಳಿಂದ ಒಂದೇ ಬೇಡಿಕೆ ಇಟ್ಟಿದೆ. ಬೆಳಗಿನ ಒಂದು ಗಾಡಿ ನಮ್ಮ ಸ್ಟೇಷನ್ನಿನಿಂದಲೇ ಖಾಲಿ ಹೊರಡಬೇಕು. ಹಾಗಾದರೆ ಬಡಾವಣೆಯವರೆಲ್ಲ ಕೂತು ಹೋಗಬಹುದು. ಅದನ್ನು ವಿಚಾರಿಸಲು ರೈಲ್ವೆ ಇಲಾಖೆಯ ಒಬ್ಬ ಅಧಿಕಾರಿ ಬರುತ್ತಾನಂತೆ.

"ನೀನು ಮೂರು ಮಾತು ಆಡಿದ್ರೆ ಸಾಕು," ಅಂದ. "ನನ್ನ ಗಂಡನಿಗೆ ಕೂರೋಕೆ ಸೀಟಿರಲಿಲ್ಲ. ಅಷ್ಟು ದೂರ ನಿಂತು ಹೋಗಿ, ಇಳಿದು, ಬಿದ್ದು ಸತ್ತರು. ಇನ್ನೊಬ್ಬಳಿಗೆ ಈ ಗತಿ ಬರೋದು ಬೇಡ. ಅಷ್ಟೇ. ಕೊನೇಲಿ ಸಹಿ."

"ಆಗ್ಲಿ," ಅಂದೆ. ಗಂಡ ಆ ದಿನ ನಿಂತೇ ಪ್ರಯಾಣ ಮಾಡಿದ ಎಂದು ನಾನೂ ತಿಳಿದಿದ್ದೆ.

"ಸ್ವಲ್ಪ ಕಣ್ಣೀರು ಬಂದ್ರೆ ತಡೀಬೇಡ. ಬರ್ಲಿ."

"ಬರಲ್ಲ ಸರ್."

"ಪ್ರಯತ್ನ ಮಾಡಮ್ಮ," ಅಂದ. ನಿಜವಾಗಿ ಮರುಗಿಯೇ ಅಂದ.

ಅದೇ ವಾರ ಗುಂಪಿಗೆ ಒಬ್ಬ ಹೊಸಬ ಸೇರಿದ. ವರ್ಗವಾಗಿ ಹೋದವನೊಬ್ಬನ ಜಾಗಕ್ಕೆ. ಯಾವುದೋ ವಿಮಾ ಕಚೇರಿಯ ಗುಮಾಸ್ತ, ಬಾಯಿ ಸುಮ್ಮನಿರದ ಮನುಷ್ಯ. ಸೇತುವೆ ಬಂತು. ಗಡಿಯಾರ ಕೂಗಿದ. ಹೊಸಬ ಕೂರಬೇಕಾದ ಸೀಟಿನಲ್ಲಿದ್ದವನು ಗೊರಕೆ ಹೊಡೆಯುತ್ತಿದ್ದ.

"ಏನ್ ಸಾರ್, ಲೆನ್ಸ್ ನಿದ್ದೇನಾ?" ಅಂದ ಹೊಸಬ, ಅವನ ಕೆನ್ನೆ ತಟ್ಟುತ್ತ. "ಏಳಿ ಏಳಿ. ಇಲ್ಲಾಂದ್ರೆ ಲೆನ್ಸಿಗೆ ಮಾಡಿದ ಹಾಗೆ ಎತ್ತಿ ನಿಲ್ಲಿಸಿಬಿಡ್ತೀವಿ."

ಯಾರೂ ನಗಲಿಲ್ಲ. ಹೊಸಬ ಸುತ್ತ ನೋಡಿದ.

"ಲೆನ್ಸ್ ನಿದ್ದೆ ಅಂದ್ರೆ?" ಅಂದೆ.

"ಗೊತ್ತಿಲ್ವಾ ಮೇಡಂ? ಯಾರೋ ಒಬ್ಬ ಇದ್ನಂತೆ. ನಿದ್ದೆ ನಾಟಕ ಮಾಡಿ ಮಾಡಿ ಒಂದು ದಿನ ನಿಜವಾಗ್ಲೂ..."

ಅವನ ಕಾಲನ್ನು ಯಾರೋ ತುಳಿದರು. ಬಾಯಿ ಮುಚ್ಚಿದ. ಗೊರಕೆಯವನು ತಾನಾಗಿಯೇ ಎದ್ದು ನಿಂತಿದ್ದ. ನಾನು ಬ್ಯಾಂಕಕ್ಕನ ಕಡೆ ನೋಡಿದೆ. ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಅವಳಿಗೂ ಕಿಟಕಿಗೂ ನಡುವೆ ನಾಲ್ಕು ಗಂಡಸರ ಬೆನ್ನುಗಳಿದ್ದವು. ಅವಳಿಗೆ ಕಿಟಕಿ ಕಾಣುತ್ತಲೇ ಇರಲಿಲ್ಲ.

ಭಾನುವಾರ ಅವಳ ತಾರಸಿಗೆ ಹೋದೆ. ಬಡಾವಣೆಯ ಎಲ್ಲ ತಾರಸಿಗಳ ಮೇಲೂ ಆ ದಿನ ವಾರದ ಬಟ್ಟೆ. ಅವಳು ಹೊದಿಕೆ ಹಿಂಡಲು ಒದ್ದಾಡುತ್ತಿದ್ದಳು.

"ಆ ತುದಿ ಹಿಡ್ಕೊ," ಅಂದಳು.

ಹಿಡಿದುಕೊಂಡೆ. ಅವಳು ಬಲಕ್ಕೆ, ನಾನು ಎಡಕ್ಕೆ ತಿರುಚಿದೆವು.

"ಹೇಳಕ್ಕ."

"ಏನು ಹೇಳ್ಲಿ?"

"ಎತ್ತಿ ನಿಲ್ಲಿಸಿದ್ದು."

ಅವಳು ತಿರುಚುತ್ತಲೇ ಇದ್ದಳು. ನೀರು ನಮ್ಮಿಬ್ಬರ ಕಾಲ ಮೇಲೆ ಸುರಿಯಿತು.

"ಅವತ್ತು ಅವನು ಮೊದಲರ್ಧ ಕೂತಿದ್ದ. ಸೇತುವೆ ಬಂತು. ಏಳ್ಲಿಲ್ಲ. ತಲೆ ವಾಲಿತ್ತು, ಬಾಯಿ ತೆರೆದಿತ್ತು. ದಿನಾ ಮಾಡ್ತಿದ್ದ ಹಾಗೇ ಇತ್ತು ಕಣೇ."

"ಯಾರ ಸರದಿ?"

"ಕಾರ್ಯದರ್ಶೀದು. ಕರೆದ್ರು. ಕೆನ್ನೆ ತಟ್ಟಿದ್ರು. ಯಾರೋ ಮೂಗು ಹಿಡಿದ್ರು. ಇವತ್ತು ನಾಟಕ ಜೋರಾಗಿದೆ, ಬಹುಮಾನ ಕೊಡ್ರಪ್ಪಾ ಅಂದ್ರು. ಎಲ್ರೂ ನಕ್ಕರು. ನಾನೂ ನಕ್ಕೆ. ಆಮೇಲೆ ಗಡಿಯಾರ ಒಂದು ರಟ್ಟೆ, ಕಾರ್ಯದರ್ಶಿ ಒಂದು ರಟ್ಟೆ. ಎತ್ತಿ ನಿಲ್ಲಿಸಿದ್ರು."

"ನಿಂತ್ನಾ?"

"ನಿಂತ. ಬೀಳೋಕೆ ಜಾಗ ಎಲ್ಲಿತ್ತು?"

ನನ್ನ ಕೈ ನಿಂತಿತ್ತು. "ಹಿಂಡು," ಅಂದಳು. ಹಿಂಡಿದೆ.

"ಎಷ್ಟು ಸ್ಟೇಷನ್?"

"ಒಂಬತ್ತು. ತಲೆ ನನ್ನ ಭುಜದ ಮೇಲೆ ಬಿತ್ತು. ಸರಿಸಿದೆ. ಮತ್ತೆ ಬಿತ್ತು. ಈ ಗಂಡಸರ ಬುದ್ಧಿನೇ ಇಷ್ಟು ಅಂದ್ಕೊಂಡೆ. ಮೊಣಕೈಲಿ ತಿವಿದೆ. ಎದೆಗೇ ತಿವಿದೆ ಕಣೇ. ಎರಡು ಸಲ."

"ತಲೆ ಬಿಸಿ ಇತ್ತಾ?"

"ಅಲ್ಲಿ ಎಲ್ರೂ ಬಿಸಿನೇ ಇರ್ತಾರೆ. ಹೇಗೆ ಗೊತ್ತಾಗುತ್ತೆ?"

"ಆಮೇಲೆ?"

"ಕೊನೇ ಸ್ಟೇಷನ್ನಲ್ಲಿ ಜನ ಇಳಿದ್ರು. ಸುತ್ತ ಖಾಲಿ ಆಯ್ತು. ಆಗ ಬಿದ್ದ."

"ನೀವು?"

"ಎಂಟೂ ಐವತ್ತಕ್ಕೆ ಬೆರಳು ಒತ್ತಬೇಕಿತ್ತು."

"ಹದಿನೈದು ಜನಾನೂ?"

ಅವಳು ಹೊದಿಕೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಹಗ್ಗದ ಮೇಲೆ ಹಾಕಿದಳು. ಕ್ಲಿಪ್ ಸಿಕ್ಕಿಸುತ್ತ, ನನಗೆ ಬೆನ್ನು ಮಾಡಿ, ಉಳಿದದ್ದನ್ನು ಹೇಳಿದಳು. ಡಬ್ಬಿ ಗುಡಿಸುವವಳು ಬಕೆಟ್ ಹಿಡಿದು ಬರುತ್ತಿದ್ದಳಂತೆ. ಅವಳು ನೋಡ್ಕೊಳ್ತಾಳೆ, ನಡೀರಿ ಎಂದು ಕಾರ್ಯದರ್ಶಿ ಅಂದನಂತೆ. ಗಾಡಿ ಹತ್ತು ನಿಮಿಷದಲ್ಲಿ ತಿರುಗಿ ಹೊರಡಬೇಕಿತ್ತು. ಗುಡಿಸುವವಳೇ ಅವನ ಎರಡು ಕಾಲು ಹಿಡಿದು ಎಳೆದು ಪ್ಲಾಟ್‌ಫಾರಂ ಮೇಲೆ ಹಾಕಿದ್ದು. ಪ್ಲಾಟ್‌ಫಾರಂ ಮೇಲೆ ಕುಸಿದು ಎಂದು ಕಾಗದದಲ್ಲಿ ಬಂದದ್ದು ಹಾಗೆ.

"ನನ್ನ ಹೆಸರು ಹೇಳ್ಬೇಡ," ಅಂದಳು. "ನಾನೂ ನಾಳೆ ಅದೇ ಗಾಡಿ ಹತ್ತಬೇಕು."

ಅಲ್ಲಿಂದ ನೇರ ಮೇಲಿನ ಮನೆಗೆ ಹೋದೆ. ಕಾರ್ಯದರ್ಶಿ ಬಾಗಿಲಲ್ಲಿ ಕೂತು ಬೂಟು ಪಾಲಿಶ್ ಮಾಡುತ್ತಿದ್ದ. ಒಂದು ಕೈ ಬೂಟಿನೊಳಗಿತ್ತು.

"ನನ್ನ ಗಂಡನಿಗೆ ಸೀಟಿತ್ತಾ?"

ಬ್ರಷ್ ನಿಂತಿತು. "ಯಾರು ಹೇಳಿದ್ದು?"

"ಇತ್ತಾ, ಇರಲಿಲ್ವಾ?"

"ಇತ್ತು. ಈಗೇನು?" ಅಂದ. ಬ್ರಷ್ ಮತ್ತೆ ನಡೆಯಿತು. "ವಾರಕ್ಕೆ ಮೂರು ದಿನ ನಾಟಕ ಮಾಡೋನು. ನಾಲ್ಕನೇ ದಿನದ್ದು ನಿಜ ಅಂತ ನಮಗೆ ಹೇಗಮ್ಮ ಗೊತ್ತಾಗ್ಬೇಕು? ನಾನೇನು ಡಾಕ್ಟರಾ?"

"ಎತ್ತಿ ನಿಲ್ಲಿಸಿದ ಮೇಲೆ ಅವನ ಮುಖ ನೋಡಿದ್ರಾ?"

"ಸೀಟು ಸಿಕ್ಕಿದ ಮೇಲೆ ಯಾರು ಯಾರ ಮುಖ ನೋಡ್ತಾರೆ?"

ಅವನು ಇದನ್ನು ಜಂಬದಿಂದ ಹೇಳಲಿಲ್ಲ. ನಾಚಿಕೆಯಿಂದಲೂ ಅಲ್ಲ. ನೀರು ಇಳಿಜಾರಿಗೆ ಹರಿಯುತ್ತದೆ ಎನ್ನುವಂತೆ ಹೇಳಿದ.

"ನೋಡು ತಾಯಿ," ಅಂದ. "ನಿಜ ಹೇಳಿದ್ರೆ ಅವನು ಎದ್ದು ಬರ್ತಾನಾ? ಇಲ್ಲ. ಸುಳ್ಳು ಹೇಳಿದ್ರೆ ಸಾವಿರ ಜನ ಕೂತು ಹೋಗ್ತಾರೆ. ಓದಿದವಳು ನೀನು. ಯೋಚನೆ ಮಾಡು."

"ಕೂತಿದ್ದವನನ್ನ ಎಬ್ಬಿಸಿ ಕೊಂದು, ಸೀಟಿರಲಿಲ್ಲ ಅಂತ ನನ್ನ ಬಾಯಲ್ಲಿ ಹೇಳಿಸ್ತೀರಾ?"

"ಕೊಂದು ಅನ್ನೋ ಮಾತು ಬೇಡ." ಬೂಟನ್ನು ಕೆಳಗಿಟ್ಟ. "ಮನೆ ಕೊಟ್ಟವನು ನಾನು. ಕೆಲಸ ಕೊಡಿಸಿದವನು ನಾನು. ದಿನಾ ಬೆಳಿಗ್ಗೆ ನಿನ್ನ ಕೈ ಹಿಡಿದು ಗಾಡಿಗೆ ಹತ್ತಿಸೋರು ನಾವು. ಆ ಕೈ ಬಿಟ್ಟರೆ ಏನಾಗುತ್ತೆ ಗೊತ್ತಲ್ಲ? ಗಾಡಿ ಸಿಗದೆ ಈ ಬಡಾವಣೇಲಿ ಬದುಕಿದವರನ್ನ ನಾನು ಕಂಡಿಲ್ಲ. ಬುಧವಾರ ಹತ್ತು ಗಂಟೆಗೆ ಬಾ. ಮೂರು ಮಾತು. ಅಷ್ಟೇ."

ಮನೆಗೆ ಬಂದು ಅತ್ತೆಗೆ ಹೇಳಿದೆ. ಅಕ್ಕಿ ಆರಿಸುತ್ತಿದ್ದರು. ಕೈ ನಿಲ್ಲಲಿಲ್ಲ. ಮೊರದ ಮೇಲಿನ ಅಕ್ಕಿಯನ್ನು ಪೂರ್ತಿ ಆರಿಸಿ ಮುಗಿಸಿದರು.

"ಸೀಟಿರಲಿಲ್ಲ ಅಂತ ಹೇಳಿಬಿಡು," ಅಂದರು ಕೊನೆಗೆ.

"ನಿಮ್ಮ ಮಗ ಅತ್ತೆ."

"ನನ್ನ ಮಗ ಅಂತ ನಿನ್ನ ಹತ್ರ ಕಲೀಬೇಕಾ ನಾನು?" ಮೊರವನ್ನು ನೆಲಕ್ಕೆ ಕುಕ್ಕಿದರು. "ಇನ್ನೊಂದು ಮನೆ ಹುಡುಕೋ ಕಾಲು ನನಗಿಲ್ಲ. ಅವರು ಎಬ್ಬಿಸಿದ್ರು ಅಂತೀಯಲ್ಲ, ಎದೆ ಉರಿ ಅಂದವನಿಗೆ ಮಾತ್ರೆ ಕೊಟ್ಟು ಓಡ್ಸಿದ್ದು ಯಾರೇ?"

ಆ ಮಾತನ್ನು ನಾನು ದಿನಾ ನನಗೇ ಹೇಳಿಕೊಂಡಿದ್ದೆ. ಇನ್ನೊಬ್ಬರ ಬಾಯಿಂದ ಕೇಳಿದಾಗಲೂ ಅದು ಅಷ್ಟೇ ಭಾರ ಇತ್ತು. ಹೆಚ್ಚಾಗಲಿಲ್ಲ.

ಬುಧವಾರ ಸ್ಟೇಷನ್ನಿನ ವೇಟಿಂಗ್ ರೂಮಿನಲ್ಲಿ ಕುರ್ಚಿ ಹಾಕಿದ್ದರು. ಹಗಲು ಹತ್ತು ಗಂಟೆಗೆ ಬಡಾವಣೆಯಲ್ಲಿ ಅಷ್ಟು ಗಂಡಸರನ್ನು ನಾನು ನೋಡಿರಲಿಲ್ಲ. ಎಲ್ಲರೂ ಅರ್ಧ ದಿನ ಬಿಟ್ಟು ಬಂದಿದ್ದರು. ಬೆಳಕಿನಲ್ಲಿ ಒಬ್ಬರನ್ನೊಬ್ಬರು ಗುರುತಿಸಲು ಕಷ್ಟಪಡುತ್ತಿದ್ದರು. ಮೇಜಿನ ಮೇಲೆ ನನ್ನ ಗಂಡನ ಫೋಟೋ, ದೊಡ್ಡದು ಮಾಡಿಸಿದ್ದು. ಗುಂಪಿನ ಯಾವುದೋ ಫೋಟೋದಿಂದ ಅವನನ್ನು ಮಾತ್ರ ಕತ್ತರಿಸಿ ತೆಗೆದಿದ್ದರು. ಭುಜದ ಮೇಲೆ ಬೇರೆ ಯಾರದೋ ನಾಲ್ಕು ಬೆರಳು ಉಳಿದುಬಿಟ್ಟಿದ್ದವು.

ಅಧಿಕಾರಿ ಕಾರಿನಲ್ಲಿ ಬಂದ. ಜೊತೆಗೆ ಬರೆದುಕೊಳ್ಳುವವನೊಬ್ಬ. ಕಾರ್ಯದರ್ಶಿ ಭಾಷಣ ಮಾಡಿದ. ನನ್ನ ಕಡೆ ಕೈ ಮಾಡಿ, "ಈ ತಾಯಿಯ ಮಾತು ಕೇಳಿ ಸಾರ್. ಆಮೇಲೆ ನಮ್ಮದೇನೂ ಇಲ್ಲ," ಅಂದ.

ಎದ್ದು ನಿಂತೆ. ಅತ್ತೆ ಮೂಲೆಯಲ್ಲಿ ಕೂತಿದ್ದರು. ಸೆರಗಿನ ತುದಿಯನ್ನು ಆಗಲೇ ಕಣ್ಣಿಗೆ ಒತ್ತಿಕೊಂಡಿದ್ದರು. ನನ್ನ ಪಾಲಿನದ್ದನ್ನೂ ಅವರೇ ಅಳುತ್ತಿದ್ದರು.

"ಹೇಳಿ ಅಮ್ಮ," ಅಂದ ಅಧಿಕಾರಿ. "ನಿಮ್ಮ ಯಜಮಾನರಿಗೆ ಸೀಟಿರಲಿಲ್ಲ ಅಲ್ವಾ?"

"ಇತ್ತು," ಅಂದೆ.

ಯಾರೋ ಕೆಮ್ಮಿದರು.

"ಇತ್ತು ಸರ್. ಕೂತಿದ್ರು. ಕೂತಲ್ಲೇ ಅವರಿಗೆ ಏನೋ ಆಯ್ತು. ಸೇತುವೆ ಸ್ಟೇಷನ್ನಲ್ಲಿ ಸರದಿ ಬಂತು ಅಂತ ಎಬ್ಬಿಸಿದ್ರು. ಏಳ್ಲಿಲ್ಲ. ಈ ರಟ್ಟೆ ಇವರು ಹಿಡಿದ್ರು. ಈ ರಟ್ಟೆ ಇವರು." ಬೆರಳು ಮಾಡಿ ತೋರಿಸಿದೆ. "ಎತ್ತಿ ನಿಲ್ಲಿಸಿ, ಆ ಸೀಟಲ್ಲಿ ಈ ಕಾರ್ಯದರ್ಶಿಗಳು ಕೂತರು. ಒಂಬತ್ತು ಸ್ಟೇಷನ್ ಅವರು ಹಾಗೇ ನಿಂತಿದ್ರು. ಯಾವ ಸ್ಟೇಷನ್ನಲ್ಲಿ ಸತ್ತರು ಅಂತ ಇವರ್ಯಾರಿಗೂ ಗೊತ್ತಿಲ್ಲ. ಜನ ಇಳಿದ ಮೇಲೆ ಬಿದ್ದರು. ಇವರೆಲ್ಲ ದಾಟಿಕೊಂಡು ಕೆಲಸಕ್ಕೆ ಹೋದ್ರು."

"ಸುಳ್ಳು!" ಅಂದ ಗಡಿಯಾರ. ಕಾರ್ಯದರ್ಶಿ ಅವನ ತೋಳು ಹಿಡಿದು ಕೂರಿಸಿದ. "ದುಃಖದಲ್ಲಿದ್ದಾರೆ ಸಾರ್. ತಲೆ ಸರಿ ಇಲ್ಲ."

ಅಧಿಕಾರಿ ಮಾತ್ರ ಹಗುರಾದ. ಬಂದಾಗಿನಿಂದ ಬಿಗಿದಿದ್ದ ಮುಖ ಸಡಿಲವಾಯಿತು. ಪಕ್ಕದವನಿಗೆ, "ಬರ್ಕೊಳ್ಳಯ್ಯ," ಅಂದ. "ಸೀಟು ಲಭ್ಯವಿತ್ತು ಅಂತ ಮೃತರ ಪತ್ನಿಯೇ ಹೇಳಿದ್ದಾರೆ."

"ಎಬ್ಬಿಸಿದ್ದನ್ನೂ ಬರೀರಿ," ಅಂದೆ.

"ಅದು ಪ್ರಯಾಣಿಕರ ನಡುವಿನ ವಿಷಯ ಅಮ್ಮ. ಇಲಾಖೆಗೆ ಬರಲ್ಲ. ಸೀಟು ಇತ್ತು ತಾನೇ? ಇಲ್ಲಿ ಸಹಿ ಮಾಡಿ."

ಕಾಗದ ನನ್ನ ಮುಂದೆ ಬಂತು. ಒಂದೇ ಸಾಲು. ಅದರ ಪಕ್ಕದಲ್ಲಿ ಕಾರ್ಯದರ್ಶಿಯ ಕಾಗದವೂ ಇತ್ತು. ಒಂದರಲ್ಲಿ ಸೀಟಿತ್ತು. ಒಂದರಲ್ಲಿ ಇರಲಿಲ್ಲ. ಎರಡರಲ್ಲೂ ಅವನನ್ನು ಕೊಂದವರು ಇರಲಿಲ್ಲ.

"ಪೂರ್ತಿ ಬರೆದ್ರೆ ಸಹಿ ಮಾಡ್ತೀನಿ."

"ಅಷ್ಟು ಬರೆಯೋಕೆ ಇಲ್ಲಿ ಜಾಗ ಇಲ್ಲಮ್ಮ," ಅಂದ ಬರೆದುಕೊಳ್ಳುವವನು, ಪಾಪ, ಕಾಗದ ತಿರುಗಿಸಿ ತೋರಿಸುತ್ತ.

"ಹಾಗಾದ್ರೆ ಇಲ್ಲ." ಎರಡೂ ಕಾಗದಗಳನ್ನು ಒಟ್ಟಿಗೆ ಹಿಂದಕ್ಕೆ ತಳ್ಳಿದೆ.

ಸಹಿ ಇಲ್ಲದಿದ್ದರೂ ಇಲಾಖೆಗೆ ಬೇಕಾದ್ದು ಸಿಕ್ಕಿತ್ತು. ನಾನು ಹೇಳಿದ್ದನ್ನು ಇಡೀ ಸಂಘವೇ ಕೇಳಿಸಿಕೊಂಡಿತ್ತು. ಗಾಡಿ ಕೊಡುವ ಅಗತ್ಯ ಕಂಡುಬಂದಿಲ್ಲ ಎಂದು ಅಧಿಕಾರಿ ಅಲ್ಲೇ ಹೇಳಿ ಕಾರು ಹತ್ತಿದ.

ವೇಟಿಂಗ್ ರೂಮಿನಿಂದ ಹೊರಗೆ ಬರುವಾಗ ಎರಡು ಕಡೆಯೂ ಜನ ನಿಂತಿದ್ದರು. ಯಾರೋ ಉಗಿದರು. ಕಾಲ ಹತ್ತಿರ ಬಿತ್ತು.

"ಗಂಡನ್ನೂ ತಿಂದಳು, ಗಾಡೀನೂ ತಿಂದಳು."

"ಇವಳಿಗೇನು, ಇನ್ನು ಸಾಯೋಕೆ ಮನೇಲಿ ಗಂಡಸಿಲ್ಲ."

"ಓದ್ಸಿದ್ದೇ ತಪ್ಪು."

ಕಾರ್ಯದರ್ಶಿ ಬಯ್ಯಲಿಲ್ಲ. ಹತ್ತಿರ ಬಂದು ಮೆಲ್ಲಗೆ, "ತಿಂಗಳ ಕೊನೆಗೆ ಮನೆ ಖಾಲಿ ಮಾಡಿ. ನಾಳೆಯಿಂದ ಗುಂಪಲ್ಲಿ ನಿನ್ನ ಜಾಗ ಇಲ್ಲ," ಅಂದ. ಅತ್ತೆ ಅವನ ಹಿಂದೆಯೇ ಹೋದರು. ಬೇಡಿಕೊಳ್ಳಲು. ನಾನು ಮನೆ ಮುಟ್ಟಿದಾಗ, ಇಳಿವಯಸ್ಸಿನ ಆ ಹೆಂಗಸು ಮೆಟ್ಟಿಲು ಹತ್ತಿ ಅವನ ಬಾಗಿಲಲ್ಲಿ ನಿಂತದ್ದು ಕೆಳಗಿನಿಂದ ನನಗೆ ಕಾಣುತ್ತಿತ್ತು. ಬಾಗಿಲು ತೆರೆಯಲಿಲ್ಲ. ಇಳಿದು ಬಂದು ನನ್ನ ತಟ್ಟೆಗೆ ಅನ್ನ ಬಡಿಸಿದರು. ಮಾತಾಡಲಿಲ್ಲ. ಈಗಲೂ ಮಾತಾಡುವುದಿಲ್ಲ.

ಮಾರನೆಯ ಬೆಳಿಗ್ಗೆ ಏಳಕ್ಕೆ ಮೊದಲೇ ಹೋಗಿ ಮೂರನೇ ಡಬ್ಬಿ ನಿಲ್ಲುವಲ್ಲಿ ನಿಂತೆ. ಗುಂಪು ಬಂತು. ನನ್ನನ್ನು ನೋಡಿ ಗಡಿಯಾರ, "ಮುಂದಿನ ಗಾಡೀಲಿ ಬಾ," ಅಂದ.

"ಇದರಲ್ಲೇ ಬರ್ತೀನಿ."

"ಯಾರು ಹತ್ತಿಸ್ತಾರೆ?"

ಗಾಡಿ ಬಂತು. ಗಡಿಯಾರ ಹಾರಿ ಕಂಬ ಹಿಡಿದ. ಇನ್ನೊಬ್ಬನನ್ನು ಎಳೆದುಕೊಂಡ, ಮತ್ತೊಬ್ಬನನ್ನು ಎಳೆದುಕೊಂಡ. ಬ್ಯಾಂಕಕ್ಕನನ್ನು ಎಳೆದುಕೊಂಡ. ನಾನು ಹತ್ತಿರ ಹೋದಾಗ ಎರಡೂ ಕೈಗಳನ್ನು ಬಾಗಿಲಿಗೆ ಅಡ್ಡ ಕೊಟ್ಟ. ಹಿಂದಿನಿಂದ ಜನ ತಳ್ಳುತ್ತಿದ್ದರು. ಒಂದು ಮೊಣಕೈ ಹೊಟ್ಟೆಗೆ ಬಿತ್ತು. ಗಡಿಯಾರನ ತೋಳಿನ ಕೆಳಗೆ ತಲೆ ತೂರಿಸಿದೆ. ಕೂದಲು ಯಾರ ಕೈಯಲ್ಲೋ ಸಿಕ್ಕಿಕೊಂಡಿತು, ಎಳೆದರು. ಕಿತ್ತು ಬರಲಿ ಎಂದು ಬಿಟ್ಟೆ. ಕಂಬ ಕೈಗೆ ಸಿಕ್ಕಿತು. ಗಾಡಿ ಹೊರಟಿತ್ತು. ಒಂದು ಚಪ್ಪಲಿ ಪ್ಲಾಟ್‌ಫಾರಂ ಮೇಲೆ ಉಳಿಯಿತು. ಬರಿಗಾಲನ್ನು ಯಾರದೋ ಬೂಟಿನ ಮೇಲೆ ಊರಿ ಮೈಯನ್ನು ಒಳಗೆ ಎಳೆದುಕೊಂಡೆ.

"ಮರ್ಯಾದೆ ಇಲ್ಲದವಳು," ಅಂದ ಒಬ್ಬ.

ಯಾರೂ ನನ್ನ ಮುಖ ನೋಡಲಿಲ್ಲ. ಮುಖದಿಂದ ಮುಖಕ್ಕೆ ಗೇಣು ದೂರವೂ ಇರಲಿಲ್ಲ. ಆದರೂ ನೋಡದೆ ಇರುವುದು ಅವರಿಗೆ ಬರುತ್ತದೆ. ಎಷ್ಟೋ ವರ್ಷಗಳ ಅಭ್ಯಾಸ.

ಸೇತುವೆಯವರೆಗೆ ನಿಂತೆ. ಪ್ರತಿ ಸ್ಟೇಷನ್ನಿನಲ್ಲೂ ಜನ ಹತ್ತಿದರು, ಯಾರೂ ಇಳಿಯಲಿಲ್ಲ. ಕಾಲು ಎತ್ತಿದರೂ ಬೀಳುವುದಿಲ್ಲ ಎನ್ನುವಷ್ಟು ಒತ್ತಡ ಬಂತು. ಎತ್ತಿ ನೋಡಿದೆ. ಬೀಳಲಿಲ್ಲ.

ಚಕ್ರದ ಸದ್ದು ಬದಲಾಯಿತು. "ಸೇತುವೆ!" ಎಂದು ಕೂಗಿದ ಗಡಿಯಾರ. ಕೂತವರು ಒಬ್ಬೊಬ್ಬರಾಗಿ ಏಳತೊಡಗಿದರು. ಕಾರ್ಯದರ್ಶಿ ಏಳಲಿಲ್ಲ. ಕಿಟಕಿಯ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿದ್ದ. ನನ್ನನ್ನು ನೋಡಬಾರದೆಂದು ಮುಚ್ಚಿದ್ದೋ, ಎರಡು ನಿಮಿಷದ ಆಸೆಗೆ ಮುಚ್ಚಿದ್ದೋ ತಿಳಿಯದು. ಅವನ ಸೀಟಿಗೆ ಗಡಿಯಾರನ ಸರದಿ.

"ಸಾರ್, ಏಳಿ," ಅಂದ ಗಡಿಯಾರ. ರಟ್ಟೆಗೆ ಕೈ ಹಾಕಿದ.

"ತಾಳಿ," ಅಂದೆ.

ಇಬ್ಬರ ನಡುವೆ ಭುಜ ತೂರಿಸಿ ಸೀಟಿನ ಮುಂದೆ ಬಂದೆ. ಗಡಿಯಾರನ ಕೈಯನ್ನು ಆ ರಟ್ಟೆಯಿಂದ ತೆಗೆದೆ. ಬೆರಳೊಂದೊಂದಾಗಿ ತೆಗೆಯಬೇಕಾಯಿತು.

"ಸರ್, ಬದುಕಿದ್ದೀರಾ?"

ಕಾರ್ಯದರ್ಶಿ ಕಣ್ಣು ತೆರೆಯಲಿಲ್ಲ. ರೆಪ್ಪೆ ಅದುರಿತು.

"ಬಾಯಿ ಬಿಟ್ಟು ಹೇಳಿ ಸರ್. ಬದುಕಿದ್ದೀರಾ?"

"ಏಯ್, ಇವಳಿಗೆ ಹುಚ್ಚು ಹಿಡೀತು ಕಣ್ರೋ," ಅಂತ ಯಾರೋ ನಗಲು ನೋಡಿದರು. ನಗು ಮುಂದಕ್ಕೆ ಹೋಗಲಿಲ್ಲ. ಹೊಸಬ ನನ್ನನ್ನೇ ನೋಡುತ್ತಿದ್ದ. ನಾನು ಯಾರೆಂದು ಅವನಿಗೆ ಈಗ ಗೊತ್ತಿತ್ತು. ಬ್ಯಾಂಕಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.

ಕಾರ್ಯದರ್ಶಿಯ ಮೂಗಿನ ಕೆಳಗೆ ಎರಡು ಬೆರಳು ಇಟ್ಟೆ. ಅವನು ಉಸಿರು ಹಿಡಿದುಕೊಂಡ. ಕಾದೆ. ಗಾಡಿ ಸೇತುವೆಯ ಮೇಲೆ ನಿಧಾನವಾಗಿ ಹೋಗುತ್ತಿತ್ತು. ಅವನ ಕುತ್ತಿಗೆಯ ನರ ಉಬ್ಬಿತು, ಕೆನ್ನೆ ಕೆಂಪಾಯಿತು. ನಾನು ಬೆರಳು ತೆಗೆಯಲಿಲ್ಲ. ನನಗೆ ಅವಸರ ಇರಲಿಲ್ಲ.

ಕೊನೆಗೆ ಬಂತು. ಬಿಸಿಯಾಗಿ, ಒದ್ದೆಯಾಗಿ, ಬೆರಳಿಗೆ ತಾಗಿತು.

ಗಡಿಯಾರನ ಕಡೆ ತಿರುಗಿ, ಡಬ್ಬಿಯ ಆ ತುದಿಗೂ ಕೇಳುವ ಹಾಗೆ ಹೇಳಿದೆ.

"ಉಸಿರಿದೆ. ಎಬ್ಬಿಸಬಹುದು."